ಅಮೋಘಿ ಹಣಿಮ್ಯಾಲಿನ ಸರ್ಪಸುತ್ತ

ಬಿಜ್ಜರಗಿಯೊಳಗ ಅಮೋಘಿಯ ಗುರುತಿಲ್ಲದವರು ಯಾರೂ ಇಲ್ಲ. ಗುರುತಿದ್ದು ಸುಖಪಟ್ಟವರೂ ಯಾರೂ ಇಲ್ಲ. ಅರವತ್ತು ದಾಟಿದ ಮನಷ್ಯಾ. ಹೆಗಲಮ್ಯಾಲ ಕರೇ ಕಂಬಳಿ, ಕೈಯಾಗ ಬಡಿಗಿ, ಬಾಯಾಗ ಬೈಗುಳ. ಆಡು ಮಾತ ಕೇಳದಿದ್ರ ಬೈತಿದ್ದ, ಕೇಳಿದ್ರ ಇಷ್ಟೊತ್ತು ಏನ್ ಮಾಡಾಕತ್ತಿದ್ದಿ ಅಂತ ಬೈತಿದ್ದ. ಮಗ ಮಾಳು ಒಂದ ಮೊಬೈಲ್ ತಂದುಕೊಟ್ಟಾಗ, ತಪ್ಪಿ ಫೋನ್ ಹಚ್ಚಿದ ಯಾವನೋ ಅಪರಿಚಿತನ ಜೋಡಿ ಅರ್ಧ ತಾಸು ಜಗಳಾಡಿ, ಅವನ ಊರ ಯಾವುದು, ಮನಿ ಎಲ್ಲೈತಿ ಅಂತ ವಿಚಾರಿಸಿ, "ಅಲ್ಲೇ ಇರು, ಬರ್ತೇನಿ" ಅಂದಿದ್ದ.

ಇವೆಲ್ಲಾ ದಿನದ ಬೈಗುಳ ಬಿಡ್ರಿ. ಜೀವ ಇಟ್ಟು, ಹಲ್ಲ ಕಡಿದು, ಮನಸಾರೆ ಬೈತಿದ್ದದ್ದು ಒಬ್ಬನ್ನ ಮಾತ್ರ. ಅಂವಾ ಶಾಂತಪ್ಪ.

ಶಾಂತಪ್ಪಂದು ದ್ರಾಕ್ಷಿ ಪಡ ಅಂದ್ರ ದ್ರಾಕ್ಷಿ ತ್ವಾಟ, ಅಮೋಘಿದು ಜ್ವಾಳದ ಹೊಲ, ನಡುವ ಒಂದ ಬದು. ಹನ್ನೆರಡು ವರ್ಷದ ಹಿಂದ ಶಾಂತಪ್ಪ ಜೆಸಿಬಿ ತರಿಸಿ ಪಡ ಸಮ ಮಾಡಿಸುವಾಗ ಬದುವನ್ನ ಒಂದು ಮೊಳ ಈ ಕಡಿ ಸರಿಸಿದ ಅಂತ ಅಮೋಘಿಯ ತಕರಾರು. ಸರಿಸಿಲ್ಲ ಅಂತ ಶಾಂತಪ್ಪನ ವಾದ. ಅಂದಿನಿಂದ ಮಾತಿಲ್ಲ, ಕತಿಯಿಲ್ಲ. ಶಾಂತಪ್ಪನ ಬಳ್ಳಿ ಚಿಗಿತಾಗೊಮ್ಮೆ ಅಮೋಘಿಯ ಆಡಿನ ಹಗ್ಗ ಹೆಂಗೋ ಬಿಚ್ಚತಿದ್ವು. ಆಡು ಚಿಗರ ತಿಂದಾಗೊಮ್ಮೆ ಶಾಂತಪ್ಪ ತನ್ನ ಹುರಿಮೀಸಿ ತಿರುವಿಕೋತ ಅಮೋಘಿಯ ಮನಿ ಮುಂದ ನಿಂತು, ಒಳಗಿನವರಿಗೆ ಕೇಳೂವಂಗ ದಾರಿಹೋಕರಿಗೆ ಬೈತಿದ್ದ. ಟಿಕೋಟಾ ಪೊಲೀಸರು ಇಬ್ಬರನ್ನೂ ಕರಸಿ, ಚಾ ಕುಡಿಸಿ, ಕೈ ಮುಗಿದು ಕಳಿಸಿದ್ರು.

ಕಡೀಕ ಶಾಂತಪ್ಪ ಒಂದ ಉಪಾಯ ಮಾಡಿದ. ಹಣ್ಣಿನ ಹಂಗಾಮದಾಗ ಹಕ್ಕಿ ಬರಬಾರದಂತ ಪಡದ ಮ್ಯಾಲ ಹಾಸೂ ಹಸರ ಬಲಿ ಇರತೈತಲ್ಲ, ಹಳೇದಾಗಿ ಹರಿದದ್ದನ್ನ ತಂದು ಬದುವಿನುದ್ದಕ್ಕ ಗೂಟ ಬಡಿದು ಕಟ್ಟಿದ. ಆಡು ಬಂದ್ ಆದವು. ಅಮೋಘಿ ಆ ಬಲಿಗೂ ಬೈಯಾಕ ಸುರು ಮಾಡಿದ.

ಗಣಪತಿ ಕಳಿಸಿದ ಮ್ಯಾಲ ಒಂದ ಮುಂಜಾನಿ ಅಮೋಘಿ ಆಡು ಹೊಡಕೊಂಡು ಹೋದಾಗ, ಬದುವಿನ ತನ್ನ ಕಡಿ ಒಂದ ಹಾವು ಸತ್ತು ಬಿದ್ದಿತ್ತು. ಕುತಗಿಗೆ ಹಸರ ದಾರ ಬಿಗಿದಿತ್ತು, ಅಮೋಘಿ ಬಗ್ಗಿ ನೋಡಿದ್ದ. ಬಡಿಗಿಲೇ ಎತ್ತಿ ಶಾಂತಪ್ಪನ ಕಡಿ ಒಗದು, ಊರಾಗ ಬಂದು ಚಾದಂಗಡಿ ಕಟ್ಟಿಮ್ಯಾಲ ಕುಂತ, "ಹಾವ ಕೊಂದು ನನ್ನ ಹೊಲಕ್ಕ ಒಗದಾನ ನೋಡ್ರಿ, ಆ ಹಲಕಟ್ಟ" ಅಂದ. ಯಾರೂ ಕಿವಿ ಕೊಡಲಿಲ್ಲ. ಅಮೋಘಿ-ಶಾಂತಪ್ಪರ ಸುದ್ದಿ ಅಂದ್ರ ಮಂದಿಗೆ ನಿದ್ದಿ ಬರ್ತಿತ್ತು.

ಅದಾಗಿ ಎಂಟ ದಿನಕ್ಕ ಅಮೋಘಿಯ ಹಣಿ ಉರಿಯಾಕ ಹತ್ತಿತು.

ಬಲಗಡಿ ಅಷ್ಟ. ರುಮಾಲು ತಾಗಿದ್ರ ಬೆಂಕಿ ತಾಗಿದಂಗ. ಮೂರನೇ ದಿನ ಕೂದಲಿನ ಬುಡದಿಂದ ಹುಬ್ಬಿನತನ ಸಾಲ ಹಿಡಿದು ನೀರಗುಳ್ಳಿ ಎದ್ದವು, ಒಂದಕ್ಕೊಂದು ಅಂಟಿಕೊಂಡು, ಕೆಂಪಗ. ಹೆಂಡತಿ ಮಲಕವ್ವ ಕಂದೀಲದಂಥ ಕಣ್ಣ ಮಾಡಿ ನೋಡಿ, ಸೆರಗ ಬಾಯಿಗಿಟ್ಟಳು.

"ಏನ ಐತಿ? ಬಾಯಿ ಬಿಡು," ಅಂದ ಅಮೋಘಿ.

"ಸರ್ಪಸುತ್ತ ಕಾಣಸ್ತೈತ್ರಿ."

ಆ ಮಾತ ಕಿವಿಗೆ ಬಿದ್ದದ್ದ ತಡ, ಅಷ್ಟ ಉರಿಯೊಳಗೂ ಅಮೋಘಿಯ ಮಾರಿ ಅರಳಿತು. ಖರೇ ಹೇಳಬೇಕಂದ್ರ, ಮಗ ಹುಟ್ಟಿದಾಗ ಸುದ್ದಾ ಅಂವಾ ಹಂಗ ನಕ್ಕಿರಲಿಲ್ಲ. ಸರ್ಪಸುತ್ತ! ಸರ್ಪ ಯಾವುದು? ಬದುವಿನ ಮ್ಯಾಲಿಂದು. ಸುತ್ತಿದ್ದು ಯಾರಿಗೆ? ತನಗ. ಮಾಡಿದವ ಯಾರು? ಇದಕ್ಕ ಸಾಕ್ಷಿ ಬೇಕಾ, ವಕೀಲ ಬೇಕಾ? ಹಣಿಮ್ಯಾಲ ಬರದ ಬಂದೈತಿ.

"ಯಪ್ಪಾ, ವಿಜಯಪುರಕ್ಕ ಹೋಗೂಣು ನಡಿ," ಅಂದ ಮಾಳು. ಅವ ಬೈಕಿನ ಚಾವಿ ಕೈಯಾಗ ಹಿಡಕೊಂಡ ನಿಂತಿದ್ದ.

"ವಿಜಯಪುರಕ್ಕ ಯಾಕಲೇ? ಯಲಗೂರಪ್ಪನ್ನ ಕರಿ. ನಾಕ ಮಂದಿನೂ ಕರಿ."

ಯಲಗೂರಪ್ಪ ಕಳ್ಳಕವಟಗಿಯವ. ಸರ್ಪಸುತ್ತಕ್ಕ ಕಾವಿ ಹಚ್ಚವ. ಕೆಮ್ಮಣ್ಣು ಹಾಲಿನ್ಯಾಗ ತೇದು, ಗುಳ್ಳಿ ಸುತ್ತ ಗೆರಿ ಎಳದು, ತುಟಿ ಅಲ್ಲಾಡಿಸಿ ಊದತಿದ್ದ. ಗಡಿಯಾಚೆ ಜತ್ತದ ಕಡೆಯವರೂ ಬರ್ತಿದ್ರು ಅವನ ಹತ್ರ, ಅವರು ಇದಕ್ಕ ನಾಗೀಣ ಅಂತಿದ್ರು. ಹೆಸರು ಬ್ಯಾರೆ ಆದ್ರೂ ಹಾವು ಅದ. ಅವತ್ತು ಸಂಜಿಗೆ ಬಂದು, ಅಮೋಘಿಯ ಹಣಿಗೆ ಕಾವಿ ಬಳದು, ಅಂಗಳದಾಗ ನೆರೆದವರಿಗೆ ಕೇಳೂವಂಗ ಹೇಳಿದ.

"ಸತ್ತ ಹಾವು ಕೊಂದವನ್ನ ಹುಡುಕ್ಕೋತ ಬರತೈತಿ. ಅಂವಾ ಸಿಗಲಿಲ್ಲಂದ್ರ ಯಾರ ಹೊಲದಾಗ ಬಿದ್ದಿತ್ತೋ ಅವನ್ನ ಸುತ್ತತೈತಿ. ಅದಕ್ಕ ನಮ್ಮ ಹಿರ್ಯಾರು ಹೆಸರಿಟ್ಟಾರ, ಸರ್ಪ-ಸುತ್ತ. ತಲಿ ಬಾಲ ಕೂಡಿತಂದ್ರ ಮನಷ್ಯಾ ಹೋದ."

"ಉಪಾಯ?" ಅಂದಳು ಮಲಕವ್ವ.

"ಕೊಂದವ ಮೀಸಿ ಬೋಳಿಸಬೇಕು. ಜ್ವಾಳದ ಹಿಟ್ಟಿನ ಹಾವ ಮಾಡಿ, ಹಾಲು ತುಪ್ಪ ಬಿಟ್ಟು, ಬಿಳೇ ಅರಬಿ ಸುತ್ತಿ, ಬಿದ್ದ ಜಾಗಾದಾಗ ಸುಡಬೇಕು. ನಾಕ ಮಂದಿ ಮುಂದ ನಾ ಕೊಂದೇನಿ ಅಂತ ಬಾಯಿಬಿಟ್ಟು ಹೇಳಬೇಕು. ಅಲ್ಲೀತನ ನನ್ನ ಕಾವಿನೂ ಹತ್ತೂದಿಲ್ಲ, ಡಾಕ್ಟರನ ಗುಳಿಗಿನೂ ಹತ್ತೂದಿಲ್ಲ."

ಅಮೋಘಿಗೆ ಇನ್ನೇನ ಬೇಕಾಗಿತ್ತು? ಹನ್ನೆರಡು ವರ್ಷ ಆ ಮೀಸಿ ನೋಡಿ ನೋಡಿ ಅವನ ಹೊಟ್ಟಿ ಉರದಿತ್ತು. ಆ ಮೀಸಿ ಬೋಳಿಸೂ ದಿನ ದೇವರ ತನ್ನ ಹಣಿಮ್ಯಾಲ ಬರದಾನ ಅಂತ ಆನಂದಪಟ್ಟ.

ಶಾಂತಪ್ಪನ ಮನಿಗೆ ಸುದ್ದಿ ಹೋತು. ಹೋದ ಕಾಲಿಗೇ ಉತ್ತರ ಬಂತು. "ನಾ ಹಾವ ಕೊಂದಿಲ್ಲ. ಅವನ ದರಿದ್ರ ಆಡಿಗಂತ ಕಟ್ಟಿದ ಬಲಿಯಾಗ ತಾನ ಸಿಕ್ಕು ಸತ್ತಿತ್ತು. ನಮ್ಮ ಆಳು ಬಿಡಿಸಿ ಬದುವಿನ ಮ್ಯಾಲ ಇಟ್ಟಿದ್ದ. ಮೀಸಿ ಬೇಕಾದ್ರ ಅವನ ಹೋತಿಂದು ಬೋಳಿಸಿಕೋ ಅನ್ರಿ."

ಅಮೋಘಿ ಹಣಿಗೆ ಕೆಂಪ ಕಾವಿ ಬಳಕೊಂಡೇ ಚಾದಂಗಡಿ ಕಟ್ಟಿಗೆ ಬಂದು ಕುಂತ. ಈಗ ಮಂದಿ ಕಿವಿ ಕೊಟ್ರು, ಯಾಕಂದ್ರ ಈಗ ತೋರಸಾಕ ಒಂದ ಹಣಿ ಇತ್ತು. ಮುಂಜಾನಿ ಹೇಳಿದಾಗ ಹಾವು ಬರೇ ಸತ್ತಿತ್ತು. ಮಧ್ಯಾಹ್ನಕ್ಕ ಅದರ ತಲಿಗೆ ಪೆಟ್ಟ ಬಿದ್ದಿತ್ತು. ಸಂಜಿ ಆಗೂದ್ರೊಳಗ ಶಾಂತಪ್ಪ ಸಲಿಕಿ ತಗೊಂಡು ತಲಿ ಜಜ್ಜಿ ಹಿಟ್ಟ ಮಾಡಿದ್ದ, ಪಾಪದ ಹಾವು ಹೆಡಿ ಎತ್ತಿ ಕಣ್ಣೀರ ಹಾಕಿತ್ತು. ಹಸರ ದಾರದ ಮಾತು ಅಮೋಘಿಯ ಬಾಯಾಗ ಬರಲೇ ಇಲ್ಲ. ಅದು ಅವನ ನೆನಪಿನಾಗ ಇತ್ತು, ಆದ್ರ ಅಂವಾ ಆ ಕಡಿ ನೋಡತಿರಲಿಲ್ಲ.

ಮರುದಿನ ಬಲಗಣ್ಣಿನ ರೆಪ್ಪಿ ಬಾತು ಮುಚ್ಚಿತು. ಮೂಗಿನ ತುದಿಗೆ ಎರಡ ಗುಳ್ಳಿ ಬಂದವು. ರೆಪ್ಪಿ ಬಿಡಿಸಿ ನೋಡಿದ್ರ ಒಳಗ ಕಣ್ಣು ಕೆಂಡ. ಬಿಸಲ ಕಂಡ್ರ ಮುಳ್ಳ ಚುಚ್ಚಿದಂಗ ಆಗಿ, ಅಂವಾ ಕಂಬಳಿ ಹೊತ್ತು ಕತ್ತಲಿ ಮೂಲ್ಯಾಗ ಕುಂತ. ಮಾಳು ಬೇಡಿಕೊಂಡ, ಬೈದ, ಕಡೀಕ ಅತ್ತ.

"ಯಪ್ಪಾ, ಕಣ್ಣ ಹೊಕ್ಕೈತೋ!"

"ಹೋಗಲಿ. ದವಾಖಾನಿಗೆ ಹೋದ್ರ ಅಂವಾ ಕೊಂದಿಲ್ಲ ಅಂತ ನಾನ ಒಪ್ಪಿದಂಗ ಆಗತೈತಿ. ಒಂದ ಕಣ್ಣ ಹೋದ್ರ ಇನ್ನೊಂದ್ರಾಗ ಅವನ ಬೋಳ ಮಾರಿ ನೋಡತೇನಿ."

 ಮಲಕವ್ವ ರೊಟ್ಟಿ ಬಡಿಯೂದ ಅರ್ಧಕ್ಕ ಬಿಟ್ಟು, ಸೆರಗ ಸರಿ ಮಾಡಿಕೊಂಡು ಹೊರಗ ಹೋದಳು. ಎಲ್ಲಿಗೆ ಅಂತ ಅಮೋಘಿ ಕೇಳಲಿಲ್ಲ. ಹೆಂಗಸರು ಎಲ್ಲಿಗೆ ಹೋಗತಾರ, ಬರತಾರ, ಅದನ್ನ ಕೇಳೂ ರೂಢಿ ಅವನಿಗಿರಲಿಲ್ಲ.

ಮರುದಿನ ಮುಂಜಾನಿ ಹಲಗಿ ಬಡಿದಂಗ ಊರಾಗೆಲ್ಲಾ ಸುದ್ದಿ: ಶಾಂತಪ್ಪ ಒಪ್ಪಿಕೊಂಡಾನ!

ಅಮೋಘಿಯನ್ನ ಮಾಳು ಕೈ ಹಿಡಿದು ಬದುವಿಗೆ ಕರಕೊಂಡು ಹೋದ. ಅರ್ಧ ಊರ ಅಲ್ಲೇ ನಿಂತಿತ್ತು. ಶಾಂತಪ್ಪ ಬಂದ. ಅಮೋಘಿ ಎಡಗಣ್ಣ ಕಿರಿದು ಮಾಡಿ ನೋಡಿದ. ಮೂಗಿನ ಕೆಳಗ ಬೆಳ್ಳಗ, ಬಿಸಲ ಕಾಣದ ಚರ್ಮ. ಆ ಮಾರಿ ಯಾರದೋ ಅನಸ್ತಿತ್ತು. ಒಬ್ಬ ಹುಡುಗ ಕಿಸಕ್ಕಂತ ನಕ್ಕ, ಅವರವ್ವ ಅವನ ತಲಿಗೆ ಒಂದ ಕೊಟ್ಟಳು. ಶಾಂತಪ್ಪ ಯಾರನ್ನೂ ನೋಡಲಿಲ್ಲ. ಮೊಣಕಾಲೂರಿ, ಹಿಟ್ಟಿನ ಹಾವನ್ನ ಅರಬಿಯಾಗ ಸುತ್ತಿ, ಹಾಲು ಬಿಟ್ಟು, ತುಪ್ಪ ಬಿಟ್ಟು, ಕಡ್ಡಿ ಕೊರದ. ಬೆಂಕಿ ಹತ್ತಿದ ಮ್ಯಾಲ ಎದ್ದು ನಿಂತು ಒದರಿದ.

"ನಾ ಕೊಂದೇನಿ."

ಆ ದಿನಕ್ಕಂತ ಅಮೋಘಿ ಹನ್ನೆರಡು ವರ್ಷದಿಂದ ಮಾತು ಕೂಡಿಸಿ ಇಟ್ಟಿದ್ದ. ಬಾಯಿ ತೆರದ. ಅಷ್ಟರಾಗ ಶಾಂತಪ್ಪ ಅವನ ಮುಂದ ಬಂದು, ಅವನಿಗೊಬ್ಬನಿಗ ಕೇಳೂವಂಗ ಅಂದ.

"ಆತಲ್ಲ? ಹೊಟ್ಟಿ ತಣ್ಣಗಾತಲ್ಲ? ಈಗ ದವಾಖಾನಿಗೆ ಸಾಯಿ ನಡಿ, ಮಗನ."

ಯಲಗೂರಪ್ಪನೂ ಇನ್ನ ಗುಳಿಗಿ ಹತ್ತತಾವ ಅಂದ. ಗೆದ್ದವನ ಗತ್ತಿನ್ಯಾಗ ಅಮೋಘಿ ಟಮ್‌ಟಮ್ ಹತ್ತಿದ. ಟಿಕೋಟಾದಾಗ ಇಳಿದು ವಿಜಯಪುರದ ಬಸ್ ಹಿಡಿಯೂತನ ಸಿಕ್ಕ ಸಿಕ್ಕವರಿಗೆ "ಒಪ್ಪಿದ, ಮೀಸಿ ಬೋಳಿಸಿದ" ಅಂತ ಹೇಳಿಕೋತ ಹೋದ. ಬಸ್ಸಿನಾಗ ಮಲಕವ್ವ ಕಿಟಕಿ ಕಡಿ ಮಾರಿ ತಿರುವಿಕೊಂಡು ಕುಂತಿದ್ದಳು.

ಗೋಳಗುಮ್ಮಟದ ಹತ್ರ ಒಂದ ಸಣ್ಣ ದವಾಖಾನಿ. ಚರ್ಮದ ಡಾಕ್ಟರು ವಿಶಾಖಾ ಅಂತ. ಮೂವತ್ತೈದರ ಆಸುಪಾಸಿನಾಕಿ. ಅಮೋಘಿಯ ಹಣಿ ನೋಡಿದ್ದ ತಡ ಅಕಿ ಕುರ್ಚಿ ಬಿಟ್ಟ ಎದ್ದಳು. ಬ್ಯಾಟರಿ ಹಚ್ಚಿ ಮೂಗಿನ ತುದಿ ನೋಡಿದಳು, ರೆಪ್ಪಿ ಬಿಡಿಸಿದಳು.

"ಎಷ್ಟ ದಿನ ಆತ್ರಿ ಇದು?"

"ಆರೇಳ ದಿನ."

"ಆರೇಳ ದಿನ ಏನ ಮಾಡಾಕತ್ತಿದ್ರಿ? ಕುಂಕುಮ ಹಚ್ಚಿಕೊಂಡು ಪೂಜಿಗೆ ಕುಂತಿದ್ರೇನು?"

 ಬೈಯೂ ಕೆಲಸ ಅಮೋಘಿದು, ಬೈಸಿಕೊಳ್ಳೂದು ರೂಢಿಯಿಲ್ಲ. ಅಕಿ ಟೇಬಲ್ ಮ್ಯಾಲ ಸಣ್ಣ ಬುದ್ಧನ ಮೂರ್ತಿ ಇತ್ತು. ಅದನ್ನ ನೋಡಿ, ಅಕಿ ಮಾರಿ ನೋಡಿ, ಯಾರ ಪೈಕಿ ಅಂತ ಕೇಳಾಕ ಅವನ ತುಟಿ ಅಲ್ಲಾಡಿದವು. ಅಕಿ ಅದನ್ನೂ ಓದಿಕೊಂಡಳು.

"ಬಬಲೇಶ್ವರದ ರಾಜಾರಾಮ ಮಾಸ್ತರ ಮಗಳು. ಇನ್ನೇನರ ಕೇಳೂದೈತೇನ್ರಿ? ಇಲ್ಲಂದ್ರ ಕಣ್ಣ ಉಳಸೂಣು."

ಅಕಿನೇ ಫೋನ್ ಮಾಡಿ ಪಕ್ಕದ ಓಣಿಯ ಕಣ್ಣಿನ ಡಾಕ್ಟರನ್ನ ಕರೆಸಿದಳು. ಅವರು ನೋಡಿ, ಕರೀಗುಡ್ಡಿಗೆ ಗಾಯ ಆಗೈತಿ, ಕಣ್ಣ ಪೂರ್ತಿ ಹೋಗಿಲ್ಲ, ಮಬ್ಬು ಉಳೀಬಹುದು ಅಂದ್ರು. ಇನ್ನೆರಡ ದಿನ ತಡ ಮಾಡಿದ್ರ ನಮ್ಮ ಕೈಯಾಗ ಏನೂ ಇರ್ತಿರಲಿಲ್ಲ ಅಂದ್ರು. ಗುಳಿಗಿ, ಕಣ್ಣಿಗೆ ಹನಿ, ಸೂಜಿ ಎಲ್ಲಾ ಸುರುವಾದವು. ಹಣಿಮ್ಯಾಲಿನ ಕಾವಿಯನ್ನ ವಿಶಾಖಾ ತಾನ ಹತ್ತಿ ಹಸಿ ಮಾಡಿ ಒರಸಾಕ ಹತ್ತಿದಳು. ಕೈ ಹಗುರ ಇತ್ತು, ಮಾತು ಮಾತ್ರ ಹಗುರ ಇರಲಿಲ್ಲ.

"ಇನ್ನ ಗುಳಿಗಿ ಹತ್ತತಾವ್ರಿ ಬಾಯಾರ," ಅಂದ ಅಮೋಘಿ, ದೊಡ್ಡ ಗುಟ್ಟು ಹೇಳಿದಂಗ. "ಹಾವ ಕೊಂದವ ಇವತ್ತ ಒಪ್ಪಿಕೊಂಡಾನ."

"ಯಾವ ಹಾವು?"

ಅಂವಾ ಹೇಳಿದ. ಬದು, ಹಾವು, ಸಲಿಕಿ, ಜಜ್ಜಿದ ತಲಿ, ಮೀಸಿ. ಅಕಿ ಒರಸೂದ ನಿಲ್ಲಿಸಿದಳು.

"ಸಣ್ಣವರಿದ್ದಾಗ ನಿಮಗ ಅಮ್ಮ ಆಗಿದ್ಳೇನ್ರಿ? ಮೈತುಂಬ ಗುಳ್ಳಿ?"

"ಆಗಿದ್ಳು. ಬೇವಿನ ಎಲಿಮ್ಯಾಲ ಮಲಗಿಸಿದ್ರು."

"ಅವತ್ತ ಹೊಕ್ಕ ರೋಗ ಇದು. ಗುಳ್ಳಿ ಮಾಯ್ದರೂ ಅದು ಹೋಗಂಗಿಲ್ಲ, ನರದ ಬುಡದಾಗ ಮಲಗಿರತೈತಿ. ವಯಸ್ಸಾದಾಗ, ಮೈಯಾಗ ಕಸುವು ಕಡಿಮಿ ಆದಾಗ ಎದ್ದು, ಅದ ನರ ಹಿಡದು ಹೊರಗ ಬರತೈತಿ. ನರ ಹೆಂಗ ಹೋಗೈತೋ ಹಂಗ ಗುಳ್ಳಿ ಸಾಲ ಕಟ್ಟತಾವ. ಅರ್ಧ ಮೈಗೆ ನಿಲ್ಲತೈತಿ, ಆ ಕಡಿಗೆ ದಾಟಂಗಿಲ್ಲ. ತಲಿನೂ ಇಲ್ಲ, ಬಾಲನೂ ಇಲ್ಲ, ಕೂಡೂದೂ ಇಲ್ಲ."

"ಮತ್ತ ಹೆಸರು? ಸುಮ್ಮಸುಮ್ಮನ ಇಟ್ಟಾರೇನ್ರಿ ಹಿರ್ಯಾರು? ಸರ್ಪ ಅಂತ ಹೆಸರಿನ್ಯಾಗ ಐತಲ್ಲ!"

"ಐತಿ. ಕೇಳ್ರಿ ಹಂಗಾರ." ಅಕಿ ಸ್ಟೂಲ್ ಎಳಕೊಂಡು ಅವನ ಮುಂದ ಕುಂತಳು. "ಸರ್ಪ ಅಂದ್ರ ಸಂಸ್ಕೃತದಾಗ ತೆವಳಿಕೋತ ಹೋಗೂದು. ತೆವಳತೈತಿ ಅಂತ ಹಾವಿಗೆ ಆ ಹೆಸರು. ಗುಳ್ಳಿ ತೆವಳಿಕೋತ ಸುತ್ತು ಹಾಕತಾವ ಅಂತ ಈ ರೋಗಕ್ಕೂ ಆ ಹೆಸರು. ನಾವು ಡಾಕ್ಟರು ಇದಕ್ಕ ಹರ್ಪಿಸ್ ಝೋಸ್ಟರ್ ಅಂತೀವಿ, ಗ್ರೀಕ್ ಮಂದಿಯ ಮಾತು. ಹರ್ಪಿಸ್ ಅಂದ್ರೂ ತೆವಳೂದು ಅಂತನ. ಸರ್ಪಕ್ಕೂ ಹರ್ಪಿಸ್ಸಿಗೂ ಮಾತಿನ ಬೇರು ಒಂದ. ಝೋಸ್ಟರ್ ಅಂದ್ರ ನಡುಪಟ್ಟಿ. ನಾವು ಸುತ್ತ ಅಂದ್ವಿ, ಅವರು ಪಟ್ಟಿ ಅಂದ್ರು. ಕಣ್ಣಿಗೆ ಹೆಂಗ ಕಾಣತೋ ಹಂಗ ಹೆಸರಿಟ್ರು, ಅಷ್ಟ. ಸಮುದ್ರದಾಚೆ ಗ್ರೀಸ್ ದೇಶದಾಗೂ ನಿಮ್ಮ ಶಾಂತಪ್ಪನೇ ಸಲಿಕಿ ತಗೊಂಡು ಹೋಗಿದ್ನೇನ್ರಿ?"

ಮಾಳು ನಗು ತಡೀಲಾರದ ಹೊರಗ ಹೋದ.

"ನಮ್ಮಜ್ಜ ಭಾಗಪ್ಪಗೂ ಆಗಿತ್ತು, ನಡಕ್ಕ," ಅಂದಳು ವಿಶಾಖಾ. ಈಗ ಅಕಿ ದನಿಯಾಗ ಚೇಷ್ಟಿ ಇರಲಿಲ್ಲ. "ಯಾವ ಹಾವ ಕೊಂದಿ, ಹೇಳು ಅಂತ ಊರಮಂದಿ ಅವನ್ನ ಹಿಂಡಿದ್ರು. ಅಂವಾ ಹಾವ ಕಂಡ್ರ ಊರ ಬಿಟ್ಟ ಓಡೂ ಮನಷ್ಯಾ. ಹಾವ ಕೊಂದವ ಅನ್ನೂ ಹೆಸರ ಅವನ ಬೆನ್ನ ಬಿಡಲಿಲ್ಲ. ಸಾಯೂತನ ಯಾರೂ ಅವನ್ನ ಹೊಲದ ಕೆಲಸಕ್ಕ ಕರೀಲಿಲ್ಲ. ಗುಳ್ಳಿ ಹದಿನೈದ ದಿನಕ್ಕ ಮಾಯ್ದಿದ್ವು, ನೋಡ್ರಿ."

ಅಮೋಘಿ ಅಷ್ಟಕ್ಕೂ ಸೋಲಲಿಲ್ಲ. "ಅದೆಲ್ಲಾ ಇರಲಿ. ಅಂವಾ ಒಪ್ಪಿಕೊಂಡಾನಲ್ಲ? ಕೊಲ್ಲದ ಯಾವ ಬ್ಯಾಕೂಫ ಮೀಸಿ ಬೋಳಿಸ್ತಾನ?"

ಆಗ ಮಲಕವ್ವ ಮಾತಾಡಿದಳು. 

"ನಾ ಹೋಗಿದ್ದೆ ಅವರ ಮನಿಗೆ."

"ಯಾರ ಮನಿಗೆ?"

"ಶಾಂತಪ್ಪನ ಮನಿಗೆ. ಕಾಲ ಹಿಡದೆ. ಅಂವಾ ಹಿಂದ ಸರದು ನಿಂತ. ನಾ ಕೊಂದಿಲ್ಲ ಮಲಕವ್ವ, ನಿನ್ನ ಗಂಡಗೂ ಗೊತ್ತೈತಿ ಅಂದ. ನನಗೂ ಗೊತ್ತೈತಿ ಅಂದೆ.  ಆಮ್ಯಾಲ, ಆ ಮುದುಕ ಕುರುಡ ಆದ್ರ ನಾ ಯಾರ ಜೋಡಿ ಜಗಳಾಡಲಿ, ಕುರುಡಗ ಬೈದ್ರ ಮಂದಿ ನನಗ ಉಗಳತಾರ ಅಂದ. ಮೀಸಿ ಬೋಳಿಸಾಕ ನಾವಿಂದನ್ನ ಕರಿ ಅಂತ ಹೆಂಡತಿಗೆ ಹೇಳಿದ. ಅಕಿ ಅಳಾಕ ಹತ್ತಿದಳು. ನಾ ಎದ್ದ ಬಂದೆ."

ಅಮೋಘಿ ಕಾಟಿನ ಮ್ಯಾಲ ಕುಂತಿದ್ದ. ಬೈಯಬೇಕಂತ ಬಾಯಿ ತೆರದ. ಯಾರಿಗೆ ಬೈಯೂದು ತಿಳೀಲಿಲ್ಲ. ವೈರಿಯ ಮನಿ ಹೊಸ್ತಲಿಗೆ ಹೋದ ಹೆಂಡತಿಗೆ ಬೈಯಬೇಕಂದ್ರ, ಅಕಿ ಎರಡೂ ಕಣ್ಣಿನಿಂದ ಅವನ್ನ ನೆಟ್ಟಗ ನೋಡಾಕತ್ತಿದ್ದಳು. ಅವಮಾನ ಆತು ಅವನಿಗೆ. ಗೆದ್ದೇನಿ ಅಂತ ಬಸ್ಸಿನಾಗ ಊರಿಗೆಲ್ಲಾ ಸಾರಿಕೋತ ಬಂದಿದ್ದ. ಗೆದ್ದದ್ದು ಭಿಕ್ಷಾ ಅಂತ ಈಗ ತಿಳೀತು. ಅದೂ ಶಾಂತಪ್ಪನ ಭಿಕ್ಷಾ! ಕಣ್ಣ ಹೋಗಿದ್ರ ಚಲೋ ಇತ್ತು ಅಂತ ಒಂದ ಸಲ ಮನಸ್ಸಿಗೆ ಬಂತು, ಅದನ್ನ ಬಾಯಿಬಿಟ್ಟು ಅಂದನೂ ಅಂದ.

"ಅನ್ನಬ್ಯಾಡ್ರಿ," ಅಂದಳು ಮಲಕವ್ವ, "ಆ ಕಣ್ಣಿಗಂತ ನಾ ಹಿಡದದ್ದು ಅವನ ಕಾಲು."

ಒಂದ ವಾರ ದವಾಖಾನಿಯಾಗ ಇದ್ದು, ಕರೇ ಚಾಳೀಸ ಹಾಕ್ಕೊಂಡು ಅಮೋಘಿ ಊರಿಗೆ ಬಂದ. ಹಣಿಮ್ಯಾಲಿನ ಗುಳ್ಳಿ ಒಣಗಿ ಹಕ್ಕಳಿ ಆಗಿದ್ವು. ಉರಿ ಇನ್ನೂ ಇತ್ತು. ಬಲಗಣ್ಣಿಗೆ ಎಲ್ಲಾ ಮಂಜು ಬಿದ್ದಂಗ ಕಾಣತಿತ್ತು, ಆದ್ರ ಕಾಣತಿತ್ತು.

ಊರಾಗ ದ್ರಾಕ್ಷಿ ಬಳ್ಳಿ ಸವರೂ ಚಾಟಣಿ ಭರಾಟಿ ನಡದಿತ್ತು. ವರ್ಷದ ಬೆಳಿ ನಿಂತಿರೂದು ಆ ಕತ್ತರಿಯ ಮ್ಯಾಲ. ಹೊತ್ತಿಗೆ ಸರಿ ಕಡ್ಡಿ ಕತ್ತರಿಸಲಿಲ್ಲಂದ್ರ ಚಿಗರ ತಡ, ಗೊನಿ ತಡ, ಬಿಸಲಿಗೆ ಸಿಕ್ಕು ಹಣ್ಣು ಹಾಳು. ಎಲ್ಲಾ ಪಡದಾಗ ಹೆಂಗಸರ ತಂಡ ಹಾಡಿಕೋತ ಕೆಲಸ ಮಾಡಾಕತ್ತಿದ್ರು. ಶಾಂತಪ್ಪನ ಪಡ ಒಂದ ಹಂಗ ನಿಂತಿತ್ತು, ಬೋಳಿಸದ ತಲಿಯಂಗ. ಅಲ್ಲಿ ಯಾರೂ ಕಾಲಿಡವಲ್ಲರು. ಹಾವ ಕೊಂದವನ ಪಡ, ಜೋಡಿ ಹಾವು ಬಳ್ಳಿ ಬುಡದಾಗ ಕಾದ ಕುಂತಿರತೈತಿ, ನಮಗೂ ಮಕ್ಕಳು ಮರಿ ಅದಾವ ಅಂತ ಹೆಂಗಸರು ಕೈ ಝಾಡಿಸಿಬಿಟ್ಟಿದ್ರು. ಗಂಡ ಹೆಂಡತಿ ಇಬ್ಬರ ಕತ್ತರಿ ಹಿಡದು ಒದ್ದಾಡಾಕತ್ತಾರ, ನಾಕ ಸಾಲೂ ಮುಗದಿಲ್ಲ ಅಂತ ಮಾಳು ಹೇಳಿದ.

"ಚಲೋ ಆತು," ಅಂದ ಅಮೋಘಿ. ಬಾಯಿಚಾಳಿ ಅದು, ತಾನಾಗಿ ಬಂತು. ರೊಟ್ಟಿ ಮುರದು ಬಾಯಿಗಿಟ್ಟುಕೊಂಡ.  ಬಬಲೇಶ್ವರದ ಯಾವನೋ ಭಾಗಪ್ಪ, ಡಾಕ್ಟರ ಬಾಯಾರ ಅಜ್ಜ, ಕಂಡಿಲ್ಲ, ಕೇಳಿಲ್ಲ, ಸತ್ತು ಎಷ್ಟ ವರ್ಷ ಆತೋ, ಅಂವಾ ಬಂದು ತಾಟಿನ ಮುಂದ ಕುಂತಿದ್ದ. ತಾಟ ಸರಿಸಿ ಎದ್ದ.

ಮುಂಜಾನಿ ಅಂವಾ ಹೊಲದ ದಾರಿಯಾಗ ನಡುಮಧ್ಯ ನಿಂತ. ಹೆಂಗಸರನ್ನ ತುಂಬಿಕೊಂಡು ಟಮ್‌ಟಮ್ ಬಂತು. ಬಡಿಗಿ ಅಡ್ಡ ಹಿಡದ.

"ಇಳೀರಿ ಎಲ್ಲಾರೂ."

"ಯಾಕೋ ಯಪ್ಪಾ, ಏನಾತು?"

"ಶಾಂತಪ್ಪನ ಪಡಕ್ಕ ನಡೀರಿ."

"ಅಯ್ಯ, ನೀ ಹೇಳತಿಯಾ? ಅಲ್ಲಿ ಜೋಡಿ ಹಾವ ಐತಂತ!"

"ಯಾರ ಹೇಳಿದ್ರು?"

"ಊರಿಗೇ ಗೊತ್ತೈತಿ. ತಲಿ ಜಜ್ಜಿ ಕೊಂದಾನಂತ, ನೀನ ಹೇಳಿದ್ಯಲ್ಲೋ ಮಾರಾಯಾ!"

"ಹೌದು, ನಾನ ಹೇಳಿದೆ. ಬೊಗಳಿದವ ನಾ. ತಲಿ ಜಜ್ಜಿರಲಿಲ್ಲ. ಕುತಗಿಗೆ ಹಸರ ದಾರ ಇತ್ತು, ಬಲಿಯಾಗ ಸಿಕ್ಕು ಸತ್ತಿತ್ತು. ಬಗ್ಗಿ ನೋಡೇನಿ ನನ್ನ ಎರಡೂ ಕಣ್ಣಿಲೆ, ಆಗ ಎರಡೂ ಚಲೋ ಇದ್ವು. ಬಲಿ ಯಾಕ ಕಟ್ಟಿದ್ದ? ನನ್ನ ಆಡು ತಡಿಯಾಕ. ಆಡು ಯಾಕ ಹೊಕ್ಕಿದ್ವು? ನಾ ಬಿಟ್ಟಿದ್ದೆ. ಸಾಕೋ, ಇನ್ನೂ ಬೇಕೋ?"

ಹೆಂಗಸರು ಒಬ್ಬರ ಮಾರಿ ಒಬ್ಬರು ನೋಡಿದ್ರು. ಒಬ್ಬಾಕಿ ಬಾಯಿ ಹಾಕಿದಳು. "ಮತ್ತ ನಿನ್ನ ಹಣಿ ಸುತ್ತಿದ್ದು?"

"ಅದು ಸಣ್ಣವ ಇದ್ದಾಗ ಬಂದ ಅಮ್ಮ. ಮಲಗಿದಾಕಿ ಎದ್ದಾಳ. ತೆವಳಿಕೋತ ಬರತೈತಿ ಅಂತ ಸರ್ಪ ಅಂತಾರ, ಹಾವ ಬಂತಂತ ಅಲ್ಲ. ದೇಶ ದೇಶದಾಗ ಹಂಗ ಅಂತಾರಂತ. ಡಾಕ್ಟರ ಬಾಯಾರು ಹೇಳ್ಯಾರ. ನನಗ ಪೂರಾ ತಿಳಿದಿಲ್ಲ, ನಿಮಗೂ ತಿಳಿಯೂದು ಬ್ಯಾಡ. ಕೆಳಗ ಇಳೀರಿ ಅಂದೆ!"

ಯಾರೂ ಇಳೀಲಿಲ್ಲ. ಅಮೋಘಿ ಅವರನ್ನ ಒಂದ ಸಲ ನೋಡಿದ. ಚಪ್ಪಲಿ ಕಳದು ದಾರಿಮ್ಯಾಲ ಇಟ್ಟ. ಬಲಿ ಕಿತ್ತ ಒಗದು, ಬದು ದಾಟಿ, ಬರಿಗಾಲಿಲೆ ಶಾಂತಪ್ಪನ ಪಡದಾಗ ಹೊಕ್ಕ. ಬಳ್ಳಿ ಬುಡದಾಗ ಕಸ ಎಲ್ಲಿ ದಟ್ಟ ಐತೋ ಅಲ್ಲೇ ಕಾಲಿಟ್ಟು, ಬೇಕಂತ, ತುಳಕೋತ ನಡದ. ಹನ್ನೆರಡು ವರ್ಷದಾಗ ಮೊದಲನೇ ಸಲ ಆ ನೆಲ ತುಳದದ್ದು. ಅವನ ಹಿಂದ ಮಲಕವ್ವ ಬಂದಳು, ಅಕಿನೂ ಚಪ್ಪಲಿ ಕಳದಿದ್ದಳು. ಸ್ವಲ್ಪ ಹೊತ್ತಾದ ಮ್ಯಾಲ ಟಮ್‌ಟಮ್ಮಿನಿಂದ ಒಬ್ಬಾಕಿ ಇಳದಳು, ಆಮ್ಯಾಲ ಇನ್ನೊಬ್ಬಾಕಿ.

ಶಾಂತಪ್ಪ ಐದನೇ ಸಾಲಿನ್ಯಾಗ ಕತ್ತರಿ ಹಿಡದು ನಿಂತಿದ್ದ. ಬರೂ ಮಂದಿ ನೋಡಿದ, ಮುಂದ ಬರೂ ಅಮೋಘಿಯನ್ನ ನೋಡಿದ. ಮೂಗಿನ ಕೆಳಗ ನಾಕ ಬಿಳೇ ಕೂದಲು ಮೊಳಿತಿದ್ವು, ಕೆರಕೊಂಡು ಕೆರಕೊಂಡು ಕೆಂಪ ಮಾಡಿಕೊಂಡಿದ್ದ.

"ನನ್ನ ಹೊಲದಾಗ ಏನ ಕೆಲಸ ನಿಂದು?"

"ಬದು ಒಂದು ಮೊಳ ಸರಿಸಿದ್ದು ಸುಳ್ಳಲ್ಲ," ಅಂದ ಅಮೋಘಿ. "ಅದನ್ನ ನಾ ಸಾಯೂತನ ಬಿಡಂಗಿಲ್ಲ. ಅದಕ್ಕ ಬೈಯಾಕ ಬಂದೇನಿ."

"ಬೈ. ಬೈದು ನಡಿ."

ಅಮೋಘಿ ಬೈಯಲಿಲ್ಲ. ಒಂದ ಕತ್ತರಿ ಕೊಡು ಅಂತ ಕೈ ಚಾಚಿದ. ಶಾಂತಪ್ಪ ಕೊಡಲಿಲ್ಲ, ಅವನ ಕರೇ ಚಾಳೀಸ ನೋಡಿಕೋತ ನಿಂತ. ಬಳ್ಳಿಯ ಕಡ್ಡಿ ಯಾವುದು, ಚಿಗರೊಡಿಯೂ ಕಣ್ಣು ಯಾವುದು ಅಂತ ಕಾಣದವನ ಕೈಯಾಗ ಕತ್ತರಿ ಕೊಟ್ರ ವರ್ಷದ ಬೆಳಿ ಹೋಗತೈತಿ.

"ಕಣ್ಣ ಹೆಂಗೈತಿ?"

ಅಮೋಘಿ ಚಾಳೀಸ ತೆಗದ. ಎಡಗಣ್ಣನ್ನ ಅಂಗೈಲೆ ಮುಚ್ಚಿಕೊಂಡ. ಬಲಗಣ್ಣಿನಿಂದ ಶಾಂತಪ್ಪನ ಮಾರಿಯನ್ನ ನೋಡಿದ, ಬಾಳ ಹೊತ್ತು ನೋಡಿದ. ಆ ಕಣ್ಣಿನ್ಯಾಗ ನೀರ ತುಂಬಿತು. ಬಿಸಲಿಗೆ ಹಂಗ ಆಗತಿತ್ತು, ಡಾಕ್ಟರು ಹೇಳಿದ್ರು.

"ಕಾಣಸ್ತೈತಿ," ಅಂದ. "ನಿನ್ನ ಬೋಳ ಮಾರಿ ಬಾಳ ಹೊಲಸ ಕಾಣಸ್ತೈತಿ. ಮತ್ತ ಮೀಸಿ ಬಿಡೋ ಮಾರಾಯಾ."

ಶಾಂತಪ್ಪ ಮೇಲ್ದುಟಿಮ್ಯಾಲ ಕೈ ಆಡಿಸಿಕೊಂಡ. ಆಮ್ಯಾಲ ಕತ್ತರಿಯನ್ನ ಅಮೋಘಿಯ ಕೈಯಾಗಿಟ್ಟ.